ಮ್ಯಾಗ್ನಂ ಕೇಳುವ ಅಳಿಯಂದಿರಿಗೆ

ರಜೆಯಲ್ಲಿ ಊರಿಗೆ ಬಂದ ಅಳಿಯಂದಿರು, ಅವರ ದೋಸ್ತಿಗಳು, ಬೆಳ್ಮಣ್ ಪೇಟೆಯಲ್ಲಿ ಚಹಾಕ್ಕೆ ಸಿಕ್ಕಿದ ಹುಡುಗರು ಎಲ್ಲರದೂ ಈಗ ಒಂದೇ ಪ್ರಶ್ನೆ. "ಮಾವ, .357 ಮ್ಯಾಗ್ನಂ ಒಳ್ಳೆಯದೋ, .44 ಒಳ್ಳೆಯದೋ? ಯಾವುದು ಕೈ ಕೊಡುವುದಿಲ್ಲ?" ಮಿಲಿಟರಿಯಲ್ಲಿ ಕೋವಿ ದುರಸ್ತಿ ಮಾಡುವ ಆರ್ಮರರ್ ಆಗಿದ್ದವನೆಂದು ನನ್ನನ್ನು ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿದ್ದೆಲ್ಲ ಅವರಿಗೆ ಬಾಯಿಪಾಠ ಉಂಟು, ಕೋವಿ ಬಿಚ್ಚಿ ನೋಡಿದವರು ಮಾತ್ರ ಕಡಿಮೆ. ಕೇಳಿದವರಿಗೂ ಕೇಳದವರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಕ್ರಮ ಹುಡುಕಬೇಡಿ, ನೆನಪಾದ ಹಾಗೆ ಬರೆದದ್ದು.

• ಬೋರ್ ದೊಡ್ಡದಾದ ಮಾತ್ರಕ್ಕೆ ಕೋವಿ ನಂಬಿಕಸ್ಥ ಆಗುವುದಿಲ್ಲ. ಅನೇಕ ಸಲ ಉಲ್ಟಾ. ನಮ್ಮ ದೇಶದಲ್ಲಿ ಲೈಸೆನ್ಸಿಗೆ ಸಿಕ್ಕುವ .32 ರಿವಾಲ್ವರಿನ ತೋಟೆಯೊಳಗೆ ಹುಟ್ಟುವ ಒತ್ತಡ ಚದರ ಇಂಚಿಗೆ ಸುಮಾರು 15,000 ಪೌಂಡ್. .357 ಮ್ಯಾಗ್ನಂನಲ್ಲಿ ಅದು 35,000, .44ರಲ್ಲಿ 36,000, .454 ಕಸುಲ್‌ನಲ್ಲಿ 65,000ದವರೆಗೆ. ಅಷ್ಟು ಒತ್ತಡವನ್ನು ಒಂದು ಹಿಡಿಗಾತ್ರದ ಕಬ್ಬಿಣ ಪ್ರತಿ ಈಡಿಗೂ ತಡೆಯಬೇಕು. ಸ್ಕ್ರೂ ಸಡಿಲವಾಗುವುದು, ಬೀಗ ಸವೆಯುವುದು, ನಳಿಗೆಯ ಬುಡ ಬಿರಿಯುವುದು ಎಲ್ಲ ಅಲ್ಲಿಂದಲೇ ಶುರು. ಹಾಗಾಗಿ "ಯಾವುದಕ್ಕೆ ಪೆಟ್ಟು ಜಾಸ್ತಿ" ಎಂಬುದು ಒಂದು ಪ್ರಶ್ನೆ, "ಯಾವುದು ಕೈ ಕೊಡುವುದಿಲ್ಲ" ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕೇಳುವವನಿಗೆ ನಾನು ಉತ್ತರ ಕೊಡುವುದಿಲ್ಲ.

• ಈ ಮ್ಯಾಗ್ನಂ, ಅಂದರೆ ಹೆಚ್ಚು ಮದ್ದಿನ ಜೋರು ತೋಟೆಯ, ವಂಶಾವಳಿಯನ್ನು ಚುಟುಕಾಗಿ ತಿಳಿದಿಟ್ಟುಕೊಳ್ಳಿ. .357 ಬಂದದ್ದು 1935ರಲ್ಲಿ, ಸ್ಮಿತ್ ಅಂಡ್ ವೆಸನ್ ಕಂಪನಿಯಿಂದ. ಮೊದಲನೆಯದನ್ನು ಎಫ್‌ಬಿಐಯ ಎಡ್ಗರ್ ಹೂವರ್‌ಗೆ ಕೊಟ್ಟರು. .44 ಮ್ಯಾಗ್ನಂ ಹುಟ್ಟಿದ್ದು 1950ರ ದಶಕದ ನಡುವೆ. ಎಲ್ಮರ್ ಕೀತ್ ಎಂಬ ಬೇಟೆಗಾರ ಬರಹಗಾರ ಹಳೇ .44 ತೋಟೆಗೆ ಹೆಚ್ಚು ಮದ್ದು ತುಂಬಿ ತುಂಬಿ, ಕಂಪನಿಯವರ ಬೆನ್ನು ಬಿದ್ದು ಮಾಡಿಸಿದ್ದು ಅದು. 1971ರಲ್ಲಿ 'ಡರ್ಟಿ ಹ್ಯಾರಿ' ಸಿನಿಮಾ ಬಂತು, ಕ್ಲಿಂಟ್ ಈಸ್ಟ್‌ವುಡ್ ಅದನ್ನು ಕೈಯಲ್ಲಿ ಹಿಡಿದ. ಅಲ್ಲಿಂದ .44ರ ಬಗ್ಗೆ ಮಾತಾಡುವವರ ಸಂಖ್ಯೆ ಅದನ್ನು ಹೊಡೆಯುವವರ ಸಂಖ್ಯೆಯನ್ನು ಮೀರಿಸಿತು. 2003ರಲ್ಲಿ .500 ಬಂತು. ಅದರಲ್ಲಿ ಹಿಡಿಯುವುದು ಐದೇ ತೋಟೆ, ಉದ್ದ ನಳಿಗೆಯದ್ದು ಎರಡು ಕಿಲೋ ತೂಗುತ್ತದೆ. ಅಲಾಸ್ಕಾದಲ್ಲಿ ಕರಡಿಯ ಎದುರು ನಿಲ್ಲುವವನಿಗೆ ಅದರ ಪ್ರಯೋಜನ ಇರಬಹುದು. ಉಳಿದವರಿಗೆ ಅದು ಕೈ ನೋಯಿಸಿಕೊಳ್ಳುವ ದುಬಾರಿ ದಾರಿ.

• ಕಂಪನಿ ಹೋಲಿಕೆ ಬೇಕೇ ಬೇಕು ಅನ್ನುವವರಿಗೆ ನನ್ನ ಅಭಿಪ್ರಾಯ ಇದು. ರೂಗರ್ ದಪ್ಪ ಕೆಲಸ. 1979ರ ರೆಡ್‌ಹಾಕ್, 1985ರ ಜಿಪಿ100, 1987ರ ಸೂಪರ್ ರೆಡ್‌ಹಾಕ್ ಮೂರೂ ನೋಡಲಿಕ್ಕೆ ಚಂದ ಕಡಿಮೆ, ಬಾಳಿಕೆ ಜಾಸ್ತಿ. ಪಕ್ಕದಲ್ಲಿ ತಗಡು ಮುಚ್ಚಳ ಇಲ್ಲದ ಗಟ್ಟಿ ಚೌಕಟ್ಟು, ಭಾರದ ತೋಟೆಯನ್ನು ದಿನಾ ಹೊಡೆದರೂ ತಡೆಯುತ್ತದೆ. ಸ್ಮಿತ್ ಅಂಡ್ ವೆಸನ್‌ನ ಟ್ರಿಗರ್ ನಯ, ಕೈಗೆ ಕೂರುವ ರೀತಿಯೂ ಒಳ್ಳೆಯದು. ಆದರೆ ಅದರ ಮಾಡೆಲ್ 29ರಲ್ಲಿ, ದೂರದ ಗುರಿಗೆ ಭಾರದ ಗುಂಡು ಹೊಡೆಯುವವರ ಕೈಯಲ್ಲಿ, ಹೊಡೆತದ ಜೋರಿಗೆ ಸಿಲಿಂಡರಿನ ಬೀಗ ತಾನಾಗಿ ಬಿಟ್ಟುಕೊಂಡು ಹಿಂದಕ್ಕೆ ತಿರುಗುವ ತೊಂದರೆ ಇತ್ತು. 1980ರ ದಶಕದ ಕೊನೆಗೆ ಕಂಪನಿಯವರು ಅದನ್ನು ಬಿಗಿ ಮಾಡಿದರು. ಅವರದ್ದೇ ಸಣ್ಣ ಚೌಕಟ್ಟಿನ ಮಾಡೆಲ್ 19 ಇನ್ನೊಂದು ಉದಾಹರಣೆ. ಹಗುರ ಗುಂಡಿನ ಬಿಸಿ .357 ತೋಟೆ ಹೊಡೆದೂ ಹೊಡೆದೂ ನಳಿಗೆಯ ಬುಡದ ಕೆಳಭಾಗ ಬಿರಿಯುತ್ತಿತ್ತು. ಅದಕ್ಕೆಂದೇ 1980ರ ಹೊತ್ತಿಗೆ ಸ್ವಲ್ಪ ದೊಡ್ಡದಾದ ಎಲ್ ಚೌಕಟ್ಟು ತಂದರು. ಕೋಲ್ಟ್ ಪೈಥಾನ್ ಬಂದದ್ದು 1955ರಲ್ಲಿ. ಹೊಳಪು ನೋಡಿದರೆ ಮನಸ್ಸು ಸೋಲುತ್ತದೆ. ಹಳೇ ಪೈಥಾನಿನ ಒಳಗಿನ ಕೆಲಸ ಮಾತ್ರ ನಾಜೂಕು, ಟೈಮಿಂಗ್ (ಸಿಲಿಂಡರ್ ಸರಿಯಾದ ಹೊತ್ತಿಗೆ ತಿರುಗಿ ನಿಲ್ಲುವುದು) ತಪ್ಪಿದರೆ ಸರಿ ಮಾಡುವ ಕೈ ಅಮೆರಿಕದಲ್ಲೇ ಅಪರೂಪ. 2020ರಲ್ಲಿ ಬಂದ ಹೊಸ ಪೈಥಾನಿನಲ್ಲಿ ಒಳಗಿನ ಏರ್ಪಾಡನ್ನೇ ಬದಲಿಸಿದ್ದಾರೆ.

ನನ್ನನ್ನು ಕೇಳಿದರೆ .357ರಲ್ಲಿ ಜಿಪಿ100, .44ರಲ್ಲಿ ರೆಡ್‌ಹಾಕ್. ಇವೆರಡರ ಮುಂದೆ ಉಳಿದ ಚರ್ಚೆ ಚಂದಕ್ಕೆ ಸಂಬಂಧಪಟ್ಟದ್ದು.

• "ರಿವಾಲ್ವರ್ ಜಾಮ್ ಆಗುವುದೇ ಇಲ್ಲ" ಎಂಬ ಮಾತು ಅರ್ಧ ಸತ್ಯ. ಪಿಸ್ತೂಲಿನಲ್ಲಿ ಒಂದು ತೋಟೆ ಠುಸ್ಸಾದರೆ ಸ್ಲೈಡ್ ಎಳೆದು ಅದನ್ನು ಹೊರಹಾಕಬೇಕು, ರಿವಾಲ್ವರಿನಲ್ಲಿ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನ ಕೋಣೆ ಬರುತ್ತದೆ. ಅದು ನಿಜ. ಆದರೆ ಪಿಸ್ತೂಲು ಜಾಮ್ ಆದರೆ ಹೆಚ್ಚಿನ ಸಲ ಕೈಯಲ್ಲೇ ಬಿಡಿಸಬಹುದು, ರಿವಾಲ್ವರ್ ಜಾಮ್ ಆದರೆ ಟೂಲ್ಸ್ ಬೇಕಾಗುತ್ತದೆ.

ಜಾಮ್ ಆಗುವ ದಾರಿಗಳು ಇವು. ಖಾಲಿ ಕೊಳವೆ ಹೊರತಳ್ಳುವ ನಕ್ಷತ್ರಾಕಾರದ ತಗಡಿನ ಅಡಿಯಲ್ಲಿ ಸುಡದೆ ಉಳಿದ ಮದ್ದಿನ ನಾಲ್ಕು ಕಣ ಸಿಕ್ಕಿಕೊಂಡರೆ ಸಾಕು, ಸಿಲಿಂಡರ್ ಮುಚ್ಚುವುದಿಲ್ಲ, ಮುಚ್ಚಿದರೂ ತಿರುಗುವುದಿಲ್ಲ. ತಳ್ಳುವ ಕಡ್ಡಿ ತಿರುಪು ಬಿಟ್ಟು ಮುಂದೆ ಬಂದರೆ ಸಿಲಿಂಡರ್ ತೆರೆಯುವುದೇ ಇಲ್ಲ. ತೋಟೆಯ ಕೇಪು ಒಂದು ಕೂದಲೆಳೆ ಮೇಲೆ ಕೂತಿದ್ದರೆ ಹಿಂದಿನ ತಗಡಿಗೆ ತಾಗಿ ಎಳೆಯುತ್ತದೆ. ಮ್ಯಾಗ್ನಂಗಳಿಗೇ ವಿಶೇಷವಾದ ಕಾಯಿಲೆ ಇನ್ನೊಂದು ಉಂಟು. ಅದನ್ನು ನಾನು ಟೆಕ್ಸಾಸಿನಲ್ಲಿ ಅಳಿಯನ ಜೊತೆ ರೇಂಜಿಗೆ ಹೋದಾಗ ಹತ್ತಿರದಿಂದ ನೋಡಿದೆ. ಅಳಿಯನ ಪಕ್ಕದ ಕಟ್ಟೆಯಲ್ಲಿ ಒಬ್ಬರು ಹಗುರ ಲೋಹದ .44 ಹೊಡೆಯುತ್ತಿದ್ದರು, ತೂಕ ಮುಕ್ಕಾಲು ಕಿಲೋ ಕೂಡ ಇಲ್ಲ. ಮೂರು ಈಡು ಆಯಿತು. ನಾಲ್ಕನೆಯದಕ್ಕೆ ಟ್ರಿಗರ್ ಬರಲಿಲ್ಲ. ಆಗಿದ್ದದ್ದು ಇಷ್ಟು: ಪ್ರತಿ ಹೊಡೆತಕ್ಕೂ ಕೋವಿ ಹಿಂದಕ್ಕೆ ಎಗರುವಾಗ ಕೋಣೆಯಲ್ಲಿ ಕಾದು ಕೂತ ತೋಟೆಗಳ ಕೊಳವೆಯೂ ಅದರ ಜೊತೆ ಹಿಂದಕ್ಕೆ ಹೋಗುತ್ತದೆ, ಗುಂಡಿನ ಸೀಸ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಾಗೆ ಸ್ವಲ್ಪ ಸ್ವಲ್ಪವೇ ಗುಂಡು ಕೊಳವೆಯಿಂದ ಮುಂದಕ್ಕೆ ಜಾರಿ, ಸಿಲಿಂಡರಿನ ಮುಖದಿಂದ ಹೊರಗೆ ಇಣುಕಿ, ನಳಿಗೆಯ ಬುಡಕ್ಕೆ ತಾಗಿ ಬಿಗಿಯಾಗಿ ನಿಂತಿತ್ತು. ತಿರುಗಿಸಲೂ ಆಗದು, ತೆರೆಯಲೂ ಆಗದು. ರೇಂಜಿನವರು ಮರದ ಕಡ್ಡಿ ಹಾಕಿ ಮೆಲ್ಲನೆ ಹಿಂದೆ ತಳ್ಳಿ ಬಿಡಿಸಿದರು. ಅದೇ ತೋಟೆಯನ್ನು ಒಂದೂವರೆ ಕಿಲೋದ ಸೂಪರ್ ರೆಡ್‌ಹಾಕ್‌ನಲ್ಲಿ ಹಾಕಿದ್ದರೆ ಹೀಗಾಗುವ ಸಂಭವ ತೀರಾ ಕಡಿಮೆ. ಹಗುರವೂ ಬೇಕು, ಮ್ಯಾಗ್ನಂ ಕೂಡ ಬೇಕು ಅನ್ನುವವರು ಇದನ್ನು ಮರೆಯಬಾರದು.

• .357ರಲ್ಲಿ .38 ಸ್ಪೆಷಲ್ ತೋಟೆ ಹೊಡೆಯಬಹುದು, .44 ಮ್ಯಾಗ್ನಂನಲ್ಲಿ .44 ಸ್ಪೆಷಲ್ ಹೊಡೆಯಬಹುದು. ಅಭ್ಯಾಸಕ್ಕೆ ಅದೇ ಒಳ್ಳೆಯದು, ಕೈಗೂ ಕಿವಿಗೂ ಹಿತ. ಆದರೆ ಸ್ಪೆಷಲ್ ಕೊಳವೆ ಮೂರು ಮಿಲಿಮೀಟರ್‌ನಷ್ಟು ಗಿಡ್ಡ. ಅದು ಮುಗಿಯುವಲ್ಲಿ ಕೋಣೆಯೊಳಗೆ ಮಸಿಯ ಬಳೆ ಕಟ್ಟುತ್ತದೆ. ಆಮೇಲೆ ಉದ್ದದ ಮ್ಯಾಗ್ನಂ ತೋಟೆ ಹಾಕಿದರೆ ಪೂರ್ತಿ ಒಳಗೆ ಇಳಿಯುವುದಿಲ್ಲ. ಹೊಡೆದ ದಿನವೇ ಬ್ರಷ್ ಹಾಕಿ. ತಿರುಗಾ ಮುರುಗಾ ಮಾತ್ರ ನಡೆಯದು: .357 ತೋಟೆ .38 ಕೋವಿಗೆ ಹೋಗಬಾರದೆಂದೇ ಅದನ್ನು ಉದ್ದ ಮಾಡಿದ್ದು.

• ಟ್ರಿಗರ್ ಎಳೆದು ಸದ್ದು ಬರದಿದ್ದರೆ ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಹಾಗೇ ನಿಲ್ಲಿ. ಹಳೇ ತೋಟೆಯ ಮದ್ದು ತಡವಾಗಿ ಹೊತ್ತುವುದುಂಟು. ರಿವಾಲ್ವರಿನವರು ಅವಸರದಲ್ಲಿ ಇನ್ನೊಮ್ಮೆ ಎಳೆದರೆ ಆ ತೋಟೆ ನಳಿಗೆಯ ಎದುರಿನಿಂದ ಪಕ್ಕಕ್ಕೆ ಸರಿದು, ಅಲ್ಲಿ ಹೊತ್ತಿಕೊಂಡರೆ ದೇವರೇ ಗತಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. 'ಢಂ' ಅನ್ನಬೇಕಾದದ್ದು 'ಪುಸ್' ಅಂದರೆ ಅಲ್ಲಿಗೇ ನಿಲ್ಲಿಸಿ, ತೋಟೆ ತೆಗೆದು ನಳಿಗೆಯಲ್ಲಿ ಬೆಳಕು ನೋಡಿ. ಗುಂಡು ನಡುವೆ ಸಿಕ್ಕಿಬಿದ್ದಿದ್ದರೆ ಮುಂದಿನ ಈಡಿಗೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಮಳೆಗಾಲ ಕಂಡ ತೋಟೆಯಲ್ಲಿ ಈ 'ಪುಸ್' ಜಾಸ್ತಿ.

• ಹಳೇ ರೂಗರ್ ಬ್ಲ್ಯಾಕ್‌ಹಾಕ್ ಮಾದರಿಯ, ಕುದುರೆಯನ್ನು (ಹ್ಯಾಮರ್) ಕೈಯಲ್ಲೇ ಎಳೆಯಬೇಕಾದ ರಿವಾಲ್ವರ್ ಯಾರಲ್ಲಾದರೂ ಇದ್ದರೆ, ಅದು 1973ಕ್ಕೆ ಮುಂಚಿನದೋ ನೋಡಿ. ಹೌದಾದರೆ ಐದೇ ತುಂಬಿ, ಕುದುರೆಯ ಅಡಿಯ ಕೋಣೆ ಖಾಲಿ ಇಡಿ. ಕೆಳಗೆ ಬಿದ್ದರೆ ಹಾರುತ್ತದೆ. 1973ರ ನಂತರದ್ದರಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಪೆಟ್ಟು ದಾಟಿಸುವ ಪಟ್ಟಿ ಹಾಕಿದ್ದಾರೆ, ತೊಂದರೆ ಇಲ್ಲ.

• ಸೆಕೆಂಡ್ ಹ್ಯಾಂಡ್ ರಿವಾಲ್ವರ್ ತೆಗೆದುಕೊಳ್ಳುವವರು, .32 ಆಗಲಿ ಮ್ಯಾಗ್ನಂ ಆಗಲಿ, ಅಂಗಡಿಯವರ ಒಪ್ಪಿಗೆ ಕೇಳಿ ಈ ಪರೀಕ್ಷೆ ಮಾಡಿ. ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಮೊದಲು ಸಿಲಿಂಡರ್ ತೆರೆದು ಪ್ರತಿ ಕೋಣೆಗೂ ಬೆರಳು ಹಾಕಿ ನೋಡಿ. ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ. ಮುಚ್ಚಿ, ಕುದುರೆಯನ್ನು ನಿಧಾನ, ಬಹಳ ನಿಧಾನ ಎಳೆಯಿರಿ. ಕುದುರೆ ಕೊನೆಗೆ ಹೋಗಿ ನಿಲ್ಲುವ ಮೊದಲೇ ಸಿಲಿಂಡರಿನ ಬೀಗ ಗುಂಡಿಯಲ್ಲಿ 'ಟಿಕ್' ಎಂದು ಬೀಳಬೇಕು. ಆರೂ ಕೋಣೆಗೂ ಹೀಗೆ ಮಾಡಿ. ಐದು ಸರಿ ಇದ್ದು ಆರನೆಯದು ತಡವಾದರೂ ಆ ಕೋವಿಯ ಟೈಮಿಂಗ್ ಹೋಗಿದೆ ಎಂದರ್ಥ. ಗುಂಡು ನಳಿಗೆಗೆ ನೇರ ಹೋಗದೆ ಅಂಚು ಕೆರೆದುಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕದವನ ಮುಖಕ್ಕೆ ಸಿಡಿಯುತ್ತದೆ. ಆಮೇಲೆ ಕುದುರೆ ಎಳೆದಿಟ್ಟು ಹೆಬ್ಬೆರಳಿನಿಂದ ಹಿಂದಿನಿಂದ ಒತ್ತಿ. ಟ್ರಿಗರ್ ಮುಟ್ಟದೆ ಕುದುರೆ ಬಿದ್ದರೆ ಆ ಕೋವಿ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಇನ್ನು ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ನಳಿಗೆಗೂ ಸಿಲಿಂಡರಿಗೂ ನಡುವೆ ಒಂದು ಸಂದು ಇರಲೇಬೇಕು, ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಿಂದ ಐದನೇ ಒಂದು ಪಾಲಿನವರೆಗೆ. ಕಡಿಮೆಯಾದರೆ ಮಸಿ ಕಟ್ಟಿ ತಿರುಗುವುದು ನಿಲ್ಲುತ್ತದೆ, ಹೆಚ್ಚಾದರೆ ಬೆಂಕಿ ಪಕ್ಕಕ್ಕೆ ಚಿಮ್ಮುತ್ತದೆ. ಬೈಕ್ ಗ್ಯಾರೇಜಿನ ಫೀಲರ್ ಗೇಜ್ ಇದಕ್ಕೆ ಧಾರಾಳ ಸಾಕು. ಮ್ಯಾಗ್ನಂ ಆದರೆ ಟಾರ್ಚ್ ಹಾಕಿ ನಳಿಗೆಯ ಬುಡದಲ್ಲಿ ಬಿರುಕು ನೋಡಿ. ಅದರ ಮೇಲಿರುವ ಚೌಕಟ್ಟಿನ ಪಟ್ಟಿಯಲ್ಲಿ ಬೆಂಕಿ ಕೊರೆದ ಗೆರೆ ಕಂಡರೆ ಹೆದರಬೇಡಿ, ಅದು ಸ್ವಲ್ಪ ಆಳ ಹೋಗಿ ನಿಲ್ಲುತ್ತದೆ. ಬಿರುಕು ನಿಲ್ಲುವುದಿಲ್ಲ.

ಸಂದು ಇದೆ ಅಂದೆನಲ್ಲ, ಅದರ ಪಕ್ಕ ಬೆರಳು ಇಡಬಾರದು. ರೈಫಲ್ ಹಿಡಿದು ಅಭ್ಯಾಸ ಇದ್ದವರು ಎಡಗೈಯನ್ನು ಮುಂದೆ ಒಯ್ಯುತ್ತಾರೆ. .500ರಂಥದ್ದರಲ್ಲಿ ಆ ಬೆಂಕಿ ಬೆರಳಿನ ತುದಿಯನ್ನೇ ಕಿತ್ತುಬಿಡಬಲ್ಲದು.

• ಈಗ ಊರಿನ ಮಾತು. ಇಷ್ಟೆಲ್ಲ ಓದಿ ಬೆಳ್ಮಣ್ಣಿನಲ್ಲಿ ಕೂತು ಮ್ಯಾಗ್ನಂ ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. 1980ರ ದಶಕದಿಂದ ಖಾಸಗಿಯವರು ವಿದೇಶಿ ಕೋವಿ ತರಿಸಿಕೊಳ್ಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ, ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ರಿಯಾಯಿತಿ. ಹಿಂದೆ ಬಂದ ಹಳೇ ಮಾಲು ಕೈಯಿಂದ ಕೈಗೆ ಲಕ್ಷಗಟ್ಟಲೆಗೆ ಹೋಗುತ್ತದೆ. ಕೊಂಡರೂ ಅದಕ್ಕೆ ತೋಟೆ ಎಲ್ಲಿ? ಸ್ಪ್ರಿಂಗ್ ಮುರಿದರೆ ಬಿಡಿಭಾಗ ಎಲ್ಲಿ? ತೋಟೆ ದುಬಾರಿಯೆಂದು ವರ್ಷಕ್ಕೊಮ್ಮೆಯೂ ಹೊಡೆಯದ ಕೋವಿಯ ಮೇಲೆ ನಂಬಿಕೆ ಇಡುವುದು ಹೇಗೆ?

ನಮ್ಮಲ್ಲಿ ಸಿಕ್ಕುವುದು .32. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಮಾಲು, ವೆಬ್ಲಿ ಮಾದರಿಯಲ್ಲಿ ನಡು ಮುರಿದು ತೆರೆಯುವಂಥದ್ದು. ನಾವು ಸೇನೆಯಲ್ಲಿ ಬಿಚ್ಚಿ ಜೋಡಿಸುತ್ತಿದ್ದ .380 ರಿವಾಲ್ವರಿನ ತಮ್ಮ ಅನ್ನಬಹುದು. ತೆರೆದ ಕೂಡಲೇ ಆರೂ ಖಾಲಿ ಕೊಳವೆ ಹೊರಗೆ, ಬಿಚ್ಚುವುದು ಸುಲಭ, ಕೆಡುವುದು ಕಡಿಮೆ. ಮ್ಯಾಗ್ನಂ ಒತ್ತಡಕ್ಕೆ ಈ ಮುರಿಯುವ ಕೀಲು ತಡೆಯುವುದಿಲ್ಲ, ಅದಕ್ಕೇ ಮ್ಯಾಗ್ನಂಗಳೆಲ್ಲ ಇಡೀ ಚೌಕಟ್ಟಿನವು. 2014ರಲ್ಲಿ ಕಾನ್ಪುರದ್ದೇ ಫೀಲ್ಡ್ ಗನ್ ಫ್ಯಾಕ್ಟರಿ 'ನಿರ್ಭೀಕ್' ತಂದಿತು, ಅರ್ಧ ಕಿಲೋದ ಟೈಟಾನಿಯಂ ಮಿಶ್ರಲೋಹದ್ದು, ಹೆಂಗಸರಿಗೆಂದು. ಬೆಲೆ 1.22 ಲಕ್ಷ ಅಂದಾಗ ಹೆಂಗಸರೇ ನಕ್ಕರು. 2023ರಲ್ಲಿ 'ಪ್ರಬಲ್' ಬಂತು, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, 50 ಮೀಟರ್ ಹೊಡೆಯುತ್ತದೆಂದು ಜಾಹೀರಾತು. ಐವತ್ತು ಮೀಟರ್ ದೂರದಲ್ಲಿ ನಿಂತವನಿಂದ ನಿಮಗೆ ಪ್ರಾಣಭಯ ಇತ್ತೆಂದು ಕೋರ್ಟಿನಲ್ಲಿ ಹೇಳಿ ನೋಡಿ!

• ತೋಟ ಕಾಯಲಿಕ್ಕೆ ಅನ್ನುವವರಿಗೆ ಒಂದು ಲೆಕ್ಕ. .32 ಗುಂಡಿನ ಶಕ್ತಿ ಸುಮಾರು 150 ಜೂಲ್. .357ರದ್ದು 700 ದಾಟುತ್ತದೆ. .44ರದ್ದು ಸಾವಿರದಿಂದ ಸಾವಿರದ ಮುನ್ನೂರು. ಅಜ್ಜನ ಕಾಲದಿಂದ ಮನೆಯಲ್ಲಿ ನೇತಾಡುವ ಜೋಡಿ ನಳಿಗೆಯ 12 ಬೋರ್ ಕೋವಿಯದ್ದು? 2,000ಕ್ಕೂ ಮೇಲೆ. ಸಿನಿಮಾದ ಮ್ಯಾಗ್ನಂಗಿಂತ ನಿಮ್ಮ ಮನೆಯ ತೋಟೆ ಕೋವಿಯೇ ಬಲ. ಭುಜಕ್ಕೆ ಒತ್ತಿ ಹಿಡಿಯುವುದರಿಂದ ಗುರಿಯೂ ನೆಟ್ಟಗೆ. ಜೋಡಿ ನಳಿಗೆಯಲ್ಲಿ ಎರಡು ಟ್ರಿಗರ್, ಎರಡು ಕುದುರೆ, ಒಂದು ಹಾಳಾದರೆ ಇನ್ನೊಂದು ಉಂಟು. ಅದಕ್ಕಿಂತ ನಂಬಿಕಸ್ಥ ಯಂತ್ರವನ್ನು ನಾನು ಕಂಡಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋದದ್ದು .405 ವಿಂಚೆಸ್ಟರ್ ರೈಫಲ್ ಹಿಡಿದು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರೇ ಆದ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದವರಿಗೆ ಆ ಕಾಲದ ಕಾಡು, ಕೋವಿ ಎರಡೂ ಗೊತ್ತು. ಅವೆಲ್ಲ ಮುಗಿದ ಕಾಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಜೈಲಿನ ದಾರಿ.

• ಬೆಳೆರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಗದ್ದೆಗೆ ಬಂದ ಹಂದಿಯನ್ನು ಹೊಡೆಯಬಹುದು ಎಂಬ ಭ್ರಮೆ ಬೇಡ. ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ನಮ್ಮಲ್ಲಿ ಕೋವಿಯ ಕೆಲಸ ಹೆಚ್ಚಾಗಿ ಸದ್ದು ಮಾಡುವುದು. ನವಿಲಿನ ಸುದ್ದಿಗಂತೂ ಹೋಗಲೇಬೇಡಿ. ಬಾವಿಗೆ ಚಿರತೆ ಬಿದ್ದರೆ ಕೋವಿ ಹುಡುಕುವುದಲ್ಲ, 1926ಕ್ಕೆ ಫೋನ್ ಮಾಡಿ. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವವರು, ದಾರಕ್ಕೆ ನಾಡಕೋವಿ ಕಟ್ಟಿ ಇಡುವವರು ಯಾರಾದರೂ ಪರಿಚಯದಲ್ಲಿದ್ದರೆ ಮುಲಾಜಿಲ್ಲದೆ ಹೇಳಿ: ಅದಕ್ಕೆ ಬಾಯಿ ಹಾಕುವುದು ನೆರೆಮನೆಯ ದನ, ಕಾಲು ಕೊಡುವುದು ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸು.

• ಮಳೆಗಾಲ. ಕೋವಿಯ ನಿಜವಾದ ವೈರಿ ಇದೇ. ವರ್ಷಕ್ಕೆ 4,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ, ಪಡುವಣದಿಂದ ಉಪ್ಪುಗಾಳಿ ಬೀಸುವ ಊರು ನಮ್ಮದು. ಸ್ಟೇನ್‌ಲೆಸ್ ಎಂದು ಹೆಸರಿದ್ದ ಕೋವಿಯಲ್ಲೂ ಒಳಗಿನ ಸ್ಪ್ರಿಂಗು, ಪಿನ್ನು ತುಕ್ಕು ಹಿಡಿಯುತ್ತವೆ.

ತೆಂಗಿನೆಣ್ಣೆ ಹಚ್ಚಬೇಡಿ. ಹಳಬರು ಹಚ್ಚುತ್ತಿದ್ದರು, ಗೊತ್ತುಂಟು. ಅದು ಅಂಟಾಗುತ್ತದೆ, ಡಿಸೆಂಬರಿನ ಬೆಳಿಗ್ಗೆ ಹೆಪ್ಪುಗಟ್ಟುತ್ತದೆ, ಕುದುರೆ ಬೀಳುವುದೇ ನಿಧಾನವಾಗುತ್ತದೆ. ಹೊಲಿಗೆ ಮಿಷನಿನ ತೆಳು ಎಣ್ಣೆ ಸಾಕು. ಸುರಿಯುವುದಲ್ಲ, ಬಟ್ಟೆಗೆ ಮಾಡಿ ಒರೆಸುವುದು. ಚರ್ಮದ ಚೀಲದಲ್ಲಿ ರಿವಾಲ್ವರ್ ಇಟ್ಟು ಕಪಾಟಿಗೆ ಸೇರಿಸಿದರೆ ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಚೀಲದ ಹೊಲಿಗೆಯ ಗುರುತು ಕೂಡ ತುಕ್ಕಿನಲ್ಲಿ ಮೂಡಿರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಪೊಟ್ಟಣ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಬೆವರಿದ ಬೆರಳಿನ ಗುರುತನ್ನು ಒರೆಸದೆ ಇಟ್ಟರೆ ಅದೇ ಆಕಾರದಲ್ಲಿ ಕೆಂಪು ಏಳುತ್ತದೆ.

ತೋಟೆಗೆ ಎಣ್ಣೆ ತಾಗಿಸಬೇಡಿ, ಕೇಪಿನ ಸಂದಿನಿಂದ ಇಳಿದು ಮದ್ದನ್ನು ಸಾಯಿಸುತ್ತದೆ. ಹಳೇ ಕಾಗದದ 12 ಬೋರ್ ತೋಟೆ ಇನ್ನೂ ಯಾರಲ್ಲಾದರೂ ಇದ್ದರೆ ಅದು ಉಬ್ಬಿ ಕೋಣೆಗೆ ಹೋಗುವುದಿಲ್ಲ. ಹೋದರೂ ಹೊಡೆದ ಮೇಲೆ ಬರುವುದಿಲ್ಲ. ತೋಟೆಯನ್ನು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ, ಕೋವಿಯಿಂದ ಬೇರೆ ಕಡೆ, ಬೀಗ ಹಾಕಿ ಇಡಿ. ಅಕ್ಕಿ ಡಬ್ಬಿಯೊಳಗೆ ಹೂತಿಡುವ ಬುದ್ಧಿವಂತಿಕೆ ಕೆಲವರಿಗೆ ಉಂಟು. ಮನೆಯ ಮಕ್ಕಳು ಮೊದಲು ಕೈ ಹಾಕುವುದೇ ಅಲ್ಲಿಗೆ.

• ಆಯುಧಪೂಜೆಗೆ ಕುಂಕುಮ ಹಚ್ಚುವಾಗ ಕೋವಿ ಖಾಲಿ ಇರಬೇಕು. ಸಂಜೆಯೊಳಗೆ ಕುಂಕುಮ ಒರೆಸಬೇಕು, ಅದರಲ್ಲೂ ನೀರಿನ ಪಸೆ ಇರುತ್ತದೆ.

• ಭೂತದ ನೇಮದ ದಿನ ಕದಿನದ ಸಿಡಿಮದ್ದು ಸಿಡಿಸುವವರು ಬೇರೆ, ಅದಕ್ಕೆ ಅವರದ್ದೇ ಪರವಾನಗಿ, ಜಾಗ ಎಲ್ಲ ಉಂಟು. ಉತ್ಸಾಹ ಬಂತೆಂದು ಮದುವೆಯಲ್ಲೋ ನೇಮದಲ್ಲೋ ಕೋವಿ ಎತ್ತಿ ಆಕಾಶಕ್ಕೆ ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. "ಕೊಡಗಿನವರು ಹಾರಿಸುವುದಿಲ್ಲವಾ?" ಎಂದು ಕೇಳಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ರಿಯಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ನಮ್ಮ ಕಾರ್ಕಳ ತಾಲೂಕಿಗೆ ಆ ರಿಯಾಯಿತಿ ಇಲ್ಲ.

• ಲೈಸೆನ್ಸಿನ ಮಟ್ಟಿಗೆ ನೆನಪಿಡಬೇಕಾದದ್ದು ಹೆಚ್ಚಿಲ್ಲ. ವಯಸ್ಸು 21 ಆಗಿರಬೇಕು. ಒಬ್ಬನಿಗೆ ಎರಡೇ ಕೋವಿ, ಹಿಂದೆ ಮೂರಿತ್ತು, 2019ರಲ್ಲಿ ಇಳಿಸಿದರು. ಅವಧಿ ಮೂರು ವರ್ಷ ಇದ್ದದ್ದು ಐದಾಗಿದೆ. ಮುಗಿಯುವ ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕಿ. ಕೋವಿ ಹಿಡಿಯಲು ಕಲಿತ ಪ್ರಮಾಣಪತ್ರ ಕೇಳುತ್ತಾರೆ, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಿ. ಪ್ರಮಾಣಪತ್ರಕ್ಕಾಗಿ ಅಲ್ಲ, ಕಲಿಯಲಿಕ್ಕೆ ಹೋಗಿ. ಏರ್‌ಗನ್ ಕೂಡ 20 ಜೂಲ್ ಶಕ್ತಿ ಅಥವಾ .177 ಬೋರ್ ಮೀರಿದರೆ ಲೈಸೆನ್ಸಿನ ಮಾಲೇ.

• ಅಮೆರಿಕದಲ್ಲಿ ಮಗ ಮಗಳ ಮನೆಗೆ ಹೋಗುವ ಭಾವ ಅಕ್ಕಂದಿರಿಗೆ ಒಂದು ಮಾತು. ಅಳಿಯ ರೇಂಜಿಗೆ ಕರೆದುಕೊಂಡು ಹೋಗಿ ".44 ಒಮ್ಮೆ ಹೊಡೆದು ನೋಡಿ" ಅಂದರೆ ನಗುತ್ತಾ ಬೇಡ ಅನ್ನಿ. ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿ ಕೋವಿ, ತೋಟೆ ಕೈಯಲ್ಲಿ ಹಿಡಿಯುವುದಕ್ಕೆ ಅಲ್ಲಿನ ಕೇಂದ್ರ ಕಾನೂನಿನ ನಿರ್ಬಂಧ ಉಂಟು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ. ನಾನೂ ಗಾಜಿನ ಈಚೆ ನಿಂತು ನೋಡಿದ್ದು ಅಷ್ಟೇ. ನೆನಪಿಗೆಂದು ಒಂದು ತೋಟೆ ಜೇಬಿಗೆ ಹಾಕಿಕೊಂಡು ಬಂದರೆ ಬಜ್ಪೆ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣುತ್ತದೆ. ಜೀವಂತ ತೋಟೆ ಒಂದೇ ಇದ್ದರೂ ಆಯುಧ ಕಾಯ್ದೆಯ ಕೇಸು.

• ಚುನಾವಣೆ ಘೋಷಣೆಯಾದ ಕೂಡಲೇ ಕೋವಿ ಠೇವಣಿ ಇಡಿ ಎಂಬ ಆದೇಶ ಬರುತ್ತದೆ. ತೋಟಕ್ಕೆ ಹಂದಿ ಬರುವ ಹೊತ್ತಿಗೇ ಬರುತ್ತದೆ, ಏನು ಮಾಡುವುದು? ನಿಜವಾದ ಅಗತ್ಯ ಇದ್ದವರು ಪರಿಶೀಲನಾ ಸಮಿತಿಗೆ ಲಿಖಿತ ಅರ್ಜಿ ಕೊಡಿ, ಬಾಯಿಮಾತಿನಲ್ಲಿ ಗಲಾಟೆ ಬೇಡ. ಇಡುವ ಮೊದಲು ಎಣ್ಣೆ ಹಚ್ಚಿ, ನಂಬರ್ ಸರಿಯಾಗಿ ಬರೆಸಿ, ರಶೀದಿ ಕೇಳಿ ಪಡೆಯಿರಿ, ಕೋವಿಯ ನಾಲ್ಕು ಫೋಟೋ ತೆಗೆದಿಡಿ. 2024ರಲ್ಲಿ ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ಕೋವಿ ವಾಪಸು ಬರುವಾಗ ಮಳೆ ಹಿಡಿದಾಗಿತ್ತು. ನಮ್ಮ ನೆಂಟರೊಬ್ಬರ ಜೋಡಿ ನಳಿಗೆ ಬಂದ ದಿನ ನಾನೇ ಬಿಚ್ಚಿದೆ. ಎಡನಳಿಗೆಯೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ನೋಡದೆ ತೋಟೆ ಹಾಕಿ ಹಾರಿಸಿದ್ದರೆ ನಳಿಗೆ ಸೀಳುತ್ತಿತ್ತು. ವಾಪಸು ಬಂದ ಕೋವಿಗೆ ಬೆಳಕು ಹಿಡಿಯದೆ ತೋಟೆ ಹಾಕಬೇಡಿ.

• ಕೊನೆಯದು ನನ್ನ ವಯಸ್ಸಿನವರಿಗೆ. ಮಾವನ ಕೋವಿ ಅಳಿಯನಿಗೆ ಎಂಬ ನಮ್ಮ ಹಳೇ ಲೆಕ್ಕ ಲೈಸೆನ್ಸಿನ ವಿಷಯದಲ್ಲಿ ತಾನಾಗಿ ನಡೆಯುವುದಿಲ್ಲ. ಯಜಮಾನ ತೀರಿಕೊಂಡ ದಿನದಿಂದ ಮನೆಯಲ್ಲಿರುವ ಆ ಕೋವಿಗೆ ಲೈಸೆನ್ಸ್ ಇಲ್ಲ. ಕೂಡಲೇ ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಇಟ್ಟು ವಾರಸುದಾರರು ಅರ್ಜಿ ಹಾಕಬೇಕು. ಹದಿಮೂರನೇ ದಿನದ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ, ಆಮೇಲೆ ಅಟ್ಟದಲ್ಲಿ ಉಳಿದ ಕೋವಿ ಮಕ್ಕಳ ಮೇಲೆ ಕೇಸಾಗಿ ಬರುತ್ತದೆ. 2016ರ ಆಯುಧ ನಿಯಮಗಳಲ್ಲಿ ದಾರಿ ಉಂಟು: 70 ವರ್ಷ ತುಂಬಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಕೇಳಬಹುದು. ಆಧಾರ್, ಲೈಸೆನ್ಸ್ ಪುಸ್ತಕ ಹಿಡಿದು ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಮಣಿಪಾಲದ ರಜತಾದ್ರಿಗೆ, ಜಿಲ್ಲಾಧಿಕಾರಿ ಕಚೇರಿಗೆ, ಈ ವರ್ಷವೇ ಒಮ್ಮೆ ಹೋಗಿ ಬನ್ನಿ.